ಬಟ್ಟಲಿನೊಳಗಿನ ಗೆರೆ

ಸೌತ್ ಬೆಂಡ್ ಊರಿನಲ್ಲಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇರುವ ಹಳೆಯ ಕಾರು ಇಟ್ಟುಕೊಂಡವರಿಗೆಲ್ಲ ವೆರ್ಲಿನ್ ಸ್ಟಟ್ಸ್‌ಮನ್‌ನ ಗ್ಯಾರೇಜೇ ಗತಿ. ಅವನ ಅಪ್ಪ ಊರಿನ ಕಾರು ಕಾರ್ಖಾನೆಯಲ್ಲಿ ದುಡಿದವನು. ಎಪ್ಪತ್ತೆರಡು ವಯಸ್ಸಿನ ವೆರ್ಲಿನ್ ಎಂಜಿನ್ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದ. ಹಟ ಮಾತ್ರ ಹೇಳತೀರದು. ಗಾಳಿ ಸೋಸುವ ಫಿಲ್ಟರ್ ಮಾತು ಬಂದರಂತೂ ಮುಗಿಯಿತು. ಅವನ ಪ್ರಕಾರ ಕಾಗದದ್ದು ಕಸ, ಹತ್ತಿಯದು ಬರೀ ಶೋಕಿ. ತಳದ ಬಟ್ಟಲಿನಲ್ಲಿ ಎಣ್ಣೆ ಇಟ್ಟುಕೊಂಡು ಧೂಳು ಹಿಡಿಯುವ ಹಳೇ ಡಬ್ಬವೊಂದೇ ಫಿಲ್ಟರ್.

ಆ ಶನಿವಾರ ಬೆಳಿಗ್ಗೆ ಡೋರೀನ್ ಜೊತೆಗೂ ಅದೇ ಜಗಳ. ತೀರಿಹೋದ ಗಂಡನ ಐವತ್ತೇಳನೇ ಇಸವಿಯ ಕಾರನ್ನು ಅವಳು ಲೋಗನ್ಸ್‌ಪೋರ್ಟ್‌ನ ಹಳೇ ಕಾರುಗಳ ಕ್ಲಬ್ ಕೂಟಕ್ಕೆ ಒಯ್ಯುವವಳಿದ್ದಳು.

"ಈ ಸಲ ಕಾಗದದ್ದೇ ಹಾಕ್ಬಿಡು ಮಾರಾಯ."

"ಹಾಕಿದ್ರೆ ನಿನ್ ಗಂಡ ಗೋರಿಯಿಂದ ಎದ್ದು ಬಂದು ನನ್ ಕುತ್ತಿಗೆ ಹಿಡೀತಾನೆ. ಸುಮ್ನೆ ಕಾಫಿ ಕುಡಿ."

ತಾನೇ ಎಣ್ಣೆ ಸುರಿದು, ಮುಚ್ಚಳ ಬಿಗಿದು, ಕಾಫಿ ಲೋಟದ ಸಮೇತ ಅವಳನ್ನು ಕಳಿಸಿಕೊಟ್ಟ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಎಣ್ಣೆ ಬಾಟಲಿ ಎತ್ತಿದರೆ ಅದು ತೀರ ಹಗುರ! ಅರ್ಧ ಉಳಿಯಬೇಕಿತ್ತು. ಅಂದರೆ ಹೆಚ್ಚಿನದೆಲ್ಲ ಡಬ್ಬದ ಬಟ್ಟಲಿಗೆ ಹೋಗಿತ್ತು.

ಬಟ್ಟಲಿನೊಳಗೆ ಒಂದು ಗೆರೆಯಿದೆ, ಎಣ್ಣೆ ಅಲ್ಲಿಗೆ ನಿಲ್ಲಬೇಕು. ಮೀರಿದರೆ ಮಾಮೂಲಿ ಎಂಜಿನ್ ಹೇಗೋ ಸಹಿಸೀತು. ಸೂಪರ್‌ಚಾರ್ಜರ್ ಮಾತ್ರ ಗಾಳಿಯ ಜೊತೆ ಎಣ್ಣೆಯನ್ನೂ ಎಂಜಿನ್ನಿಗೆ ಎಳೆದುಬಿಡುತ್ತದೆ. ಆ ಗೆರೆ ವೆರ್ಲಿನ್‌ಗೆ ಸರಿಯಾಗಿ ಕಾಣದೆ ವರ್ಷದ ಮೇಲಾಗಿತ್ತು. ಬೆರಳು ಅದ್ದಿ ಅಂದಾಜಿನ ಮೇಲೆ ಸುರಿಯುತ್ತಿದ್ದ. ಕಣ್ಣಿನ ಸಂಗತಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಾರು ತಾನೇ ಅವನ ಕೈಗೆ ಕಾರು ಕೊಟ್ಟಾರು?

ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದ. ಹೆದ್ದಾರಿಯ ನಡುವೆ ನೀಲಿ ಹೊಗೆ, ಸತ್ತು ನಿಂತ ಎಂಜಿನ್, ಹಿಂದಿನಿಂದ ನುಗ್ಗಿ ಬರುವ ಲಾರಿ ಕಣ್ಣಿಗೆ ಕಟ್ಟಿದವು. ಬೆನ್ನಟ್ಟಿ ಹೋಗೋಣವೆಂದು ಪಿಕಪ್‌ನ ಕೀಲಿ ಹಿಡಿದವನು ಈ ಕಣ್ಣಿಟ್ಟುಕೊಂಡು ಹೆದ್ದಾರಿಗೆ ಹೋಗುವುದುಂಟೇ ಎಂದು ಅದನ್ನು ಮತ್ತೆ ಮೊಳೆಗೇ ತಗುಲಿಸಿದ. ತನ್ನ ಹಟಕ್ಕೆ ತನ್ನನ್ನೇ ಬೈದುಕೊಂಡ. ಎರಡು ತಾಸು ಹೀಗೇ ಬೆಂದ ಮೇಲೆ ಫೋನ್ ಬಂತು.

"ಏನಯ್ಯಾ, ಏಳು ಸಲ ಮಾಡಿದೀಯಾ! ಈಗ ಬಂದು ಸೇರ್ದೆ."

"ಹೊಗೆ ಬಂತಾ ಡೋರೀನ್? ಎಣ್ಣೆ ಜಾಸ್ತಿ ಹಾಕ್ಬಿಟ್ಟಿದೀನಿ ಕಣೇ."

"ಗೊತ್ತು. ತಿರುವು ದಾಟಿ, ಚರ್ಚ್ ಹತ್ರ ನಿಲ್ಲಿಸಿ ಡಬ್ಬ ಬಿಚ್ಚಿದೆ. ಗೆರೆಗಿಂತ ಒಂದ್ ಬೆರಳು ಮೇಲಿತ್ತು. ನೀನ್ ಕೊಟ್ಟ ಕಾಫಿ ಲೋಟಕ್ಕೇ ಬಗ್ಗಿಸ್ದೆ."

"ನಿಂಗೆ ಹೇಗೆ ಗೊತ್ತಾಯ್ತು?"

"ನಿನ್ ಹತ್ರ ಕಾರು ತರೋ ನಾವೆಲ್ಲ ಅಲ್ಲೇ ನಿಲ್ಲಿಸಿ ನೋಡ್ಕೊಂಡು ಹೋಗೋದು ವೆರ್ಲಿನ್. ಹೋದ ವರ್ಷದಿಂದ."

ಅವನು ಸ್ಟೂಲಿನ ಮೇಲೆ ಕೂತ. ಅವಳು ಬದುಕಿದಳೆಂಬ ನೆಮ್ಮದಿಯ ಹಿಂದೆಯೇ ನಾಚಿಕೆಯೂ ಬಂತು.

"ಅದಕ್ಕೇನಾ ಕಾಗದದ್ದು ಹಾಕು ಅಂದಿದ್ದು?"



"ಕಾಗದದ್ದಕ್ಕೆ ಗೆರೆ ನೋಡೋ ಕೆಲ್ಸ ಇರಲ್ವಲ್ಲಪ್ಪಾ," ಎಂದಳು.