ಲಟ್ಟಣಿಗೆಯ ಕನ್ವೇಯರ್

"ಇವಳಿಂದ ಆಗ್ಲಿಕ್ಕಿಲ್ಲ" ಎಂದವರು ನನ್ನ ಸೋದರಮಾವ. ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ನಡೆಸುತ್ತಿದ್ದ ಅವರ ಮಾತೇ ನಮ್ಮ ಮನೆಯಲ್ಲಿ ಕೊನೆಯ ಮಾತು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಪ್ಪನ ಕಡೆಯಲ್ಲಾಗಲಿ ಅಮ್ಮನ ಕಡೆಯಲ್ಲಾಗಲಿ ಹನ್ನೆರಡನೆಯ ಕ್ಲಾಸು ದಾಟಿದವರು ಯಾರೂ ಇರಲಿಲ್ಲ. ನಾನೊಬ್ಬಳು ದಾಟಿ, ಎಂಜಿನಿಯರಿಂಗಿನ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಫೇಲಾಗಿ ಮನೆಯಲ್ಲಿ ಕುಳಿತಿದ್ದೆ.

ಫೇಲಾಗಬೇಕಾದದ್ದೇ. ನಾಲ್ವರು ಹುಡುಗಿಯರು ಸೇರಿ ಠಾಣೆಯ ಅಂಗಡಿಯಿಂದ ರೆಡಿಮೇಡ್ ಮಾಡೆಲ್ ತಂದಿಟ್ಟಿದ್ದೆವು. ಹೊರಗಿನಿಂದ ಬಂದ ಪರೀಕ್ಷಕರು ಒಂದು ವೈರು ಹಿಡಿದು ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮಾವ ಅಪ್ಪನ ಹತ್ತಿರ ಹೇಳಿದರು: "ಭಾವ, ಇನ್ನೊಂದು ಸಲ ನೋಡುವ. ಆಗ್ಲಿಲ್ಲ ಅಂದ್ರೆ ನನ್ನ ಕೌಂಟರಿನಲ್ಲಿ ಕೂತ್ಕೊಳ್ಳಲಿ. ಕೂಪನ್ ಹರಿಯಲಿಕ್ಕೆ ಡಿಗ್ರಿ ಬೇಡ."

ಅಪ್ಪ ಹೂಂ ಎಂದರು. ನಾನೂ ಹೂಂ ಎಂದೆ.

ಗೆಳತಿಯರು ಇನ್ನೊಂದು ಅಂಗಡಿ ಹುಡುಕಿದರು. ನಾನು ಒಬ್ಬಳೇ ಮಾಡುತ್ತೇನೆ ಎಂದು ಹೊರಟೆ. ಒಂದು ಮೊಳ ಉದ್ದದ ಕನ್ವೇಯರ್. ಪಟ್ಟಿಯ ಮೇಲೆ ಪೆಟ್ಟಿಗೆಗಳು ಸಾಗಬೇಕು, ಸೆನ್ಸರ್ ಅವುಗಳ ಎತ್ತರ ನೋಡಬೇಕು, ಗಿಡ್ಡ ಇದ್ದದ್ದನ್ನು ಒಂದು ಕೈ ಪಕ್ಕಕ್ಕೆ ತಳ್ಳಬೇಕು. ಮೋಟಾರು ಗುಜರಿಯಿಂದ ತಂದ ಕಾರಿನ ವೈಪರಿನದ್ದು. ಪಟ್ಟಿ ಹೋಟೆಲ್ ಕುರ್ಚಿಯ ರೆಕ್ಸಿನ್. ಎರಡು ತುದಿಯ ರೋಲರುಗಳಿಗೆ ನಲ್ಲಿಯ ಪೈಪು. ಸ್ವಿಚ್ ಒತ್ತಿದರೆ ಪಟ್ಟಿ ನಾಲ್ಕು ಸುತ್ತು ತಿರುಗಿ ಒಂದು ಬದಿಗೆ ಸರಿದು ಕಳಚಿ ಬೀಳುತ್ತಿತ್ತು. ಮೂರು ವಾರ ಬಿಗಿ ಮಾಡಿದೆ, ಸಡಿಲ ಮಾಡಿದೆ. ಏನು ಮಾಡಿದರೂ ಅದೇ.

ಅಪ್ಪ ಐರೋಲಿಯ ಹೋಟೆಲೊಂದರಲ್ಲಿ ಚಪಾತಿ ಮಾಡುತ್ತಿದ್ದರು. ತಮ್ಮ ರಜೆಯ ದಿನ ಪಕ್ಕದಲ್ಲಿ ಕುಳಿತು ನೋಡಿದರು.

"ಇದಕ್ಕೆ ಹೊಟ್ಟೆಯೇ ಇಲ್ಲ ಮಗಾ."

"ಎಂತದಕ್ಕೆ?"

"ಈ ಪೈಪಿಗೆ. ಹೊಟ್ಟೆ ಇಲ್ಲದ ಲಟ್ಟಣಿಗೆಯಲ್ಲಿ ಹಿಟ್ಟು ಒಂದೇ ಬದಿಗೆ ಓಡ್ತದೆ. ನಿಮಗೆ ಕಾಲೇಜಿನಲ್ಲಿ ಅದು ಹೇಳಿ ಕೊಡ್ಲಿಲ್ಲವಾ?"

ಮರುದಿನ ಹೋಟೆಲಿನಿಂದ ಎರಡು ಹಳೆಯ ಲಟ್ಟಣಿಗೆ ತಂದರು, ನಡು ದಪ್ಪ, ತುದಿ ಸಪೂರ. ಎಂಐಡಿಸಿಯ ಲೇತ್ ಅಂಗಡಿಯಲ್ಲಿ ತೂತು ಕೊರೆಸಿ ಕೂರಿಸಿದೆ. ಪಟ್ಟಿ ಬದಿಗೆ ಸರಿಯದೆ ನಡುವಿನಲ್ಲೇ ಓಡಿತು. ಪಟ್ಟಿ ಯಾವಾಗಲೂ ದಪ್ಪ ಇರುವ ಕಡೆಗೆ ಏರುತ್ತದೆ ಎಂಬುದು ನನ್ನ ಪುಸ್ತಕದಲ್ಲೇ ಇತ್ತು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಕಾಲೇಜಿನ ಮಾರ್ಗದರ್ಶಕರಿಗೆ ತೋರಿಸಲು ಅದನ್ನು ಹೊತ್ತುಕೊಂಡು ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದೆ. ದಿವಾ ಸ್ಟೇಷನ್ ಬರುವಷ್ಟರಲ್ಲಿ ಎದುರಿನ ಹೆಂಗಸು ಕಣ್ಣು ಕಿರಿದು ಮಾಡಿ ನೋಡಿ, "ಅರೆ, ಯೇ ತೋ ಬೇಲನ್ ಹೈ", ಇದು ಲಟ್ಟಣಿಗೆಯಲ್ಲವಾ, ಎಂದಳು. ಇನ್ನೊಬ್ಬಳು, "ಶಾದಿ ಕೆ ಬಾದ್ ಕಾಮ್ ಆಯೇಗಾ", ಮದುವೆಯಾದ ಮೇಲೆ ಕೆಲಸಕ್ಕೆ ಬರುತ್ತದೆ, ಎಂದಳು. ಡಬ್ಬಿಯೇ ನಕ್ಕಿತು. ನಾನೂ ನಕ್ಕೆ. ಒಳಗೆ ಮಾತ್ರ ಸುಟ್ಟ ಹಾಗಾಯಿತು.

ಪರೀಕ್ಷೆಯ ಬೆಳಿಗ್ಗೆ ಲಟ್ಟಣಿಗೆಗಳು ಕಾಣದಂತೆ ಕಪ್ಪು ಟೇಪು ಸುತ್ತಿದೆ. ಸಪೂರ ಇದ್ದ ತುದಿಗಳಿಗೆ ಜಾಸ್ತಿ ಸುತ್ತಿ, ಕಂಪೆನಿಯ ರೋಲರಿನ ಹಾಗೆ ಒಂದೇ ಸಮ ಮಾಡಿದೆ. ಲೋಡ್ ಶೆಡ್ಡಿಂಗ್ ಇತ್ತು, ಓಡಿಸಿ ನೋಡಲು ಕರೆಂಟ್ ಇರಲಿಲ್ಲ. ಇದ್ದಿದ್ದರೂ ನೋಡುತ್ತಿದ್ದೆನೋ ಇಲ್ಲವೋ. ಚಂದ ಕಾಣುತ್ತಿತ್ತು.

ಪರೀಕ್ಷಕರ ಎದುರು ಪಟ್ಟಿ ನಾಲ್ಕು ಸುತ್ತು ತಿರುಗಿ ಕಳಚಿ ಬಿತ್ತು.

ಐದು ನಿಮಿಷ ಬೇಡಿಕೊಂಡೆ. ನೆಲದ ಮೇಲೆ ಕುಳಿತು ಉಗುರಿನಿಂದ ಟೇಪು ಕಿತ್ತೆ. ಕೀಳುವ ಗಡಿಬಿಡಿಯಲ್ಲಿ ಸೆನ್ಸರಿನ ವೈರೂ ಕಿತ್ತು ಬಂತು. ಬೆಸುಗೆ ಹಾಕಲು ಹೊತ್ತಿರಲಿಲ್ಲ. ಪಟ್ಟಿ ಈಗ ನೆಟ್ಟಗೆ ಓಡಿತು. ಆದರೆ ಪೆಟ್ಟಿಗೆ ತಳ್ಳುವ ಕೈ ಅಲ್ಲಾಡಲಿಲ್ಲ. ಗಿಡ್ಡ, ಎತ್ತರ ಎಲ್ಲ ಪೆಟ್ಟಿಗೆಗಳೂ ಹೋಗಿ ಒಂದೇ ಕಡೆ ಬಿದ್ದವು.

"ರೋಲರ್ ಯಾಕೆ ಹೀಗಿದೆ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಇದೊಂದಕ್ಕೆ ಉತ್ತರ ಗೊತ್ತಿತ್ತು, ಹೇಳಿದೆ. ಯಾರು ಹೇಳಿಕೊಟ್ಟರು ಎಂದು ಕೇಳಿದರು. "ಪುಸ್ತಕದಲ್ಲಿದೆ ಸರ್" ಎಂದೆ. ಅಪ್ಪನ ಹೆಸರು ಬಾಯಿಗೆ ಬರಲಿಲ್ಲ.

ಪಾಸಿಗೆ ಬೇಕಾದಷ್ಟು ಅಂಕ ಕೊಟ್ಟರು. ಅದರ ಮೇಲೆ ಒಂದೂ ಇಲ್ಲ. ಫಸ್ಟ್ ಕ್ಲಾಸ್ ತಪ್ಪಿತು. ಅಂಬರನಾಥದಿಂದ ಐರೋಲಿಯವರೆಗೆ ಅರ್ಜಿ ಹಿಡಿದು ಹೋದಲ್ಲೆಲ್ಲ ಕಾರ್ಖಾನೆಯ ಗೇಟಿನಲ್ಲೇ ಎರಡು ಪ್ರಶ್ನೆ: ಫಸ್ಟ್ ಕ್ಲಾಸಾ? ನಡುವೆ ಒಂದು ವರ್ಷ ಯಾಕೆ ಹೋಯಿತು? ಮೂರನೆಯ ಪ್ರಶ್ನೆಯವರೆಗೆ ನಾನು ಎಲ್ಲೂ ತಲುಪಲಿಲ್ಲ.

ಡಿಗ್ರಿ ಸರ್ಟಿಫಿಕೇಟ್ ಬಂದಿದೆ ಎಂದಾಗ ಅಪ್ಪ ಮಧ್ಯಾಹ್ನದ ಬಿಡುವಿನಲ್ಲಿ ಕಾಲೇಜಿಗೇ ಬಂದರು. ಕ್ಲಾರ್ಕ್ ಕಿಟಕಿಯಿಂದ ಅದನ್ನು ದಾಟಿಸಿ ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡ. ನಾನು ಅಪ್ಪನ ಕೈಗಿತ್ತೆ. ಅವರು ಎರಡೂ ಅಂಗೈಗಳ ಮೇಲೆ ಹಿಡಿದು ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಓದಲು ಅವರಿಗೆ ಬರುವುದಿಲ್ಲ.

"ಇದರಿಂದ ಕೆಲಸ ಸಿಗ್ತದಾ?"

"ಈಗಲೇ ಸಿಗ್ಲಿಕ್ಕಿಲ್ಲ ಅಪ್ಪ."

ಅವರು ಕಿಟಕಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು.

"ಕೆಲಸ ಸಿಗದಿದ್ರೆ ಇದನ್ನು ವಾಪಸ್ ಕೇಳುವುದಿಲ್ಲ ಅಲ್ಲವಾ?"