ಕಿವಿಗೆ ತಡವಾಗಿ ಬಿಟ್ಟ ದನಿ

ಆ ದಿನ ಮಾಡಿದ ಕೆಲಸಗಳು: ಹಾಲು ಕಾಸಿ ಹೆಪ್ಪು ಹಾಕಿದೆ. ತುಳಸಿಗೆ ನೀರು ಹಾಕಿದೆ. ಯಜಮಾನರ ಬಿಳಿ ಅಂಗಿಯ ಕಾಲರನ್ನು ಉಜ್ಜಿ ಒಗೆದೆ. ವೈರುಗಳನ್ನು ಬಣ್ಣ ನೋಡಿ ಸುತ್ತಿ ಚೀಲಕ್ಕೆ ತುಂಬಿದೆ. ಗ್ಯಾಸ್ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿದೆ. ಹಾಸನದಿಂದ ಹೊಳೆನರಸೀಪುರದವರೆಗೆ ವ್ಯಾನಿನಲ್ಲಿ ಪೆಟ್ಟಿಗೆ ಅಲುಗದ ಹಾಗೆ ಹಿಡಿದು ಕೂತೆ. ಮಧ್ಯಾಹ್ನ ಒಬ್ಬ ಗಂಡಸಿನ ನಾಲಿಗೆ ಕಟ್ಟಿದೆ. ಸಂಜೆ ಬಂದು ಅಂಗಿ ಇಸ್ತ್ರಿ ಮಾಡಿದೆ.

ಯಜಮಾನರು ಮೊದಲು ರೇಡಿಯೊ, ಟೀವಿ ರಿಪೇರಿ ಮಾಡುತ್ತಿದ್ದವರು. ರಿಪೇರಿ ಕಡಿಮೆಯಾದ ಮೇಲೆ ತಾವೇ ಬೆಸುಗೆ ಹಾಕಿ ಒಂದು ಮಾಡ್ಯುಲರ್ ಸಿಂಥಸೈಜರ್ ಕಟ್ಟಿದರು. ಮರದ ಪೆಟ್ಟಿಗೆ, ಒಳಗೆ ಬಿಡಿಬಿಡಿಯಾದ ಫಲಕಗಳು. ಒಂದರಲ್ಲಿ ದನಿ ಹುಟ್ಟುತ್ತದೆ, ಇನ್ನೊಂದರಲ್ಲಿ ಮೆತ್ತಗಾಗುತ್ತದೆ, ಮತ್ತೊಂದರಲ್ಲಿ ಮಾರ್ದನಿ ಬರುತ್ತದೆ. ಮೊಳದುದ್ದದ ವೈರುಗಳಿಂದ ಒಂದಕ್ಕೊಂದು ಜೋಡಿಸಬೇಕು. ಮದುವೆಗಳಲ್ಲಿ ಹೆಣ್ಣು ಗಂಡು ವೇದಿಕೆಗೆ ಬರುವಾಗ ಏಳುವ ಗುಂಗು ಅದರದ್ದೇ. ಕೊನೆಯ ಫಲಕ ಮಿಕ್ಸರ್, ಅದು ನನ್ನದು. ಅಲ್ಲಿಂದ ಒಂದೇ ದನಿಯನ್ನು ಮೂರು ಕಡೆಗೆ ಕಳಿಸಬಹುದು: ಸಭೆಗೆ, ವೇದಿಕೆಯಲ್ಲಿದ್ದವರ ಕಿವಿಗೆ, ಮಾರ್ದನಿ ಕೊಡುವ ಎಕೋ ಫಲಕಕ್ಕೆ. ಸಾರು ಬಡಿಸಿದ ಹಾಗೆಯೇ, ಒಬ್ಬರಿಗೆ ತಿಳಿ, ಒಬ್ಬರಿಗೆ ಗಸಿ. ಪಕ್ಕದ ಎಲೆಗೆ ಏನು ಬಿತ್ತೆಂದು ಉಣ್ಣುವವರಿಗೆ ತಿಳಿಯುವುದಿಲ್ಲ.

ಯಜಮಾನರಿಗೆ ಚಿಕ್ಕಂದಿನಿಂದ ಮಾತು ಉಗ್ಗುತ್ತದೆ. ಆದರೂ ಎಲ್ಲಿ ಹೋದರೂ ಮೈಕ್ ಪರೀಕ್ಷೆ ಮಾಡುತ್ತಿದ್ದವರು ಅವರೇ. ಎರಡು ವರ್ಷದ ಹಿಂದೆ ಚನ್ನರಾಯಪಟ್ಟಣದ ಒಂದು ಆರತಕ್ಷತೆಯಲ್ಲಿ ಅವರು "ಹ... ಹ... ಹಲೋ" ಎನ್ನುತ್ತಿದ್ದಾಗ ನಿರೂಪಕ ಇನ್ನೊಂದು ಮೈಕ್ ಎತ್ತಿಕೊಂಡ. ಈ ಕಡೆಯ ಮದುವೆಗಳಿಗೆಲ್ಲ ಬರುವ ಮಾತುಗಾರ ಅವನು. ಯಾವಾಗಲೂ ಮಿಂಚುವ ಕೋಟು.

"ಏನಣ್ಣೋ, ಎ... ಎ... ಎಲ್ಲಿ ಸಿಕ್ಕಾಕ್ಕಂತು? ಯಾರಾದ್ರೂ ಇಂದ್ಗಡೆಯಿಂದ ವಸಿ ತಳ್ರಪ್ಪಾ, ಅಣ್ಣ ಸ್ಟಾರ್ಟ್ ಆಗ್ಲಿ!"

ಸಭೆಯೆಲ್ಲ ನಕ್ಕಿತು. ಯಜಮಾನರೂ ನಕ್ಕು, ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಇಳಿದು ಬಂದರು. ಆಮೇಲೆ ಮೈಕ್ ಮುಟ್ಟಲಿಲ್ಲ. ತರಕಾರಿಯನ್ನೂ ಬೆರಳು ತೋರಿಸಿಯೇ ಕೊಳ್ಳತೊಡಗಿದರು. ಫೋನ್ ಬಂದರೆ ನನ್ನ ಕೈಗೆ ಕೊಡುವರು. ರಾತ್ರಿ ಊಟಕ್ಕೆ ಕೂತಾಗ ಪೂರಾ ಹತ್ತು ಮಾತು ಇರುತ್ತಿರಲಿಲ್ಲ. ನಾನು ಆತುರದ ಹೆಂಗಸಲ್ಲ. ಕಟ್ಟಿನ ಸಾರನ್ನು ಮೂರು ದಿನ ಕುದಿಸಿ ಇಳಿಸುವವಳು.

ಉಪಾಯ ಸಿಕ್ಕಿದ್ದು ನನ್ನದೇ ತಪ್ಪಿನಿಂದ. ಅರಕಲಗೂಡಿನಲ್ಲಿ ಒಬ್ಬ ಹಾಡುಗಾರ್ತಿಯ ಕಿವಿಗೆ ಅವಳ ನೇರ ದನಿ ಕಳಿಸುವುದನ್ನು ಮರೆತು ಬರೀ ಎಕೋ ಕಳಿಸಿದ್ದೆ. ತನ್ನ ದನಿ ತನಗೇ ತಡವಾಗಿ ಬಂದು, ಪಾಪ, ಆ ಹುಡುಗಿ ಮಾತಿಗೆ ಮಾತು ಕೂಡಿಸಲಾಗದೆ ತಡವರಿಸಿದಳು. ತಕ್ಷಣ ಸರಿ ಮಾಡಿದೆ, ಕ್ಷಮೆಯನ್ನೂ ಕೇಳಿದೆ. ಆದರೆ ತಿರುಪು ಎಲ್ಲಿ ನಿಂತಿತ್ತು ಎನ್ನುವುದನ್ನು ನೆನಪಿಟ್ಟುಕೊಂಡೆ.

ಹೊಳೆನರಸೀಪುರದ್ದು ಬೀಗರ ಔತಣ. ನಿರೂಪಕ ಅವನೇ. ತನ್ನ ದನಿಯನ್ನು ತಾನೇ ಕೇಳಿಕೊಳ್ಳಲು ಕಿವಿಗೆ ಸಿಕ್ಕಿಸಿಕೊಳ್ಳುವ ಹೊಸ ಮಾನಿಟರ್ ತಂದಿದ್ದ. ಅದನ್ನು ಹಾಕಿಕೊಂಡರೆ ಬೇರೇನೂ ಕೇಳಿಸದು.

"ಅಕ್ಕಾ, ನನ್ನ ಕಿವಿಗೆ ಚೆನ್ನಾಗಿ ಎಕೋ ಕೊಡಿ. ನನ್ ವಾಯ್ಸ್ ನಂಗೇ ಗಂಭೀರವಾಗಿ ಕೇಳ್ಬೇಕು."

"ಆಗ್ಲಿ ಸಾ," ಎಂದೆ.

ಮೊದಲ ಕಾಲುಗಂಟೆ ಅವನು ಕೇಳಿದ್ದನ್ನೇ ಕೊಟ್ಟೆ. ಎರಡು ಕಡೆಯ ಹಿರಿಯರನ್ನು ಕರೆಯುವ ಹೊತ್ತು ಬಂತು. ಅವನ ಕಿವಿಗೆ ಹೋಗುವ ನೇರ ದನಿಯನ್ನು ಸೊನ್ನೆಗೆ ಇಳಿಸಿದೆ. ಎಕೋ ಒಂದೇ ಸಲ, ರೆಪ್ಪೆ ಬಡಿಯುವಷ್ಟು ತಡವಾಗಿ ಮರಳುವಂತೆ ಮಾಡಿ ಪೂರಾ ಏರಿಸಿದೆ. ಸಭೆಗೆ ಹೋಗುವ ದನಿಯನ್ನು ಮುಟ್ಟಲಿಲ್ಲ. ಅದು ಗಂಟೆ ಹೊಡೆದ ಹಾಗೆ ಸ್ವಚ್ಛ.

"ಬೀಗರ... ಬೀಗ... ಔ... ಔತಣಕ್ಕೆ ಬಂ... ಬಂದಂಥ ಹಿ... ಹಿ..."

ಮೊದಲ ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ಅವನು ಗಂಟಲು ಸರಿಮಾಡಿಕೊಂಡು ಜೋರಾಗಿ ಮಾತಾಡಲು ಹೋದ, ಇನ್ನೂ ಕೆಟ್ಟಿತು. ಗಂಡಿನ ದೊಡ್ಡಪ್ಪ ಎಲೆಯ ಮುಂದಿಂದಲೇ ಕೂಗಿದರು: "ಲೇ, ಯಾರ್ಲಾ ಇವ್ನ ಕರ್ಸಿದ್ದು? ಬೆಳಗ್ಗೇನೇ ಏರಿಸ್ಕಂಡು ಬಂದವ್ನೆ ಕಣ್ಲಾ!" ನಗು ಪಂಕ್ತಿಯಿಂದ ಪಂಕ್ತಿಗೆ ಹರಿಯಿತು. ಕೊನೆಗೆ ಗಂಡಿನ ಸೋದರಮಾವ ವೇದಿಕೆಗೆ ಬಂದು ಅವನ ಕೈಯಿಂದ ಮೈಕ್ ಕಿತ್ತುಕೊಂಡು, "ಓಗಿ ಉಂಡ್ಕೋ ಓಗಪ್ಪ," ಎಂದರು.

ಅಷ್ಟರಲ್ಲಿ ತಿರುಪುಗಳು ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು. ನಿರೂಪಕ ಬೆವರುತ್ತ ನನ್ನ ಹತ್ತಿರ ಬಂದ.

"ಅಕ್ಕಾ, ಎಕೋ ಏನಾದ್ರೂ ಎಚ್ಚುಕಮ್ಮಿ ಆಯ್ತಾ?"

ಸಭೆಗೆ ಹೋದ ದನಿಯನ್ನು ಯಜಮಾನರು ಎಂದಿನಂತೆ ರೆಕಾರ್ಡ್ ಮಾಡಿದ್ದರು. ಹೆಡ್‌ಫೋನನ್ನು ಅವನಿಗೆ ಕೊಟ್ಟೆ. "ನೀವೇ ಕೇಳಿ ಸಾ. ಎಷ್ಟು ಕ್ಲಿಯರ್ ಆಗೈತೆ."

ಕೇಳಿದ. ಎಕೋ ಇಲ್ಲ, ಗೊರಗೊರ ಇಲ್ಲ, ಬರೀ ಅವನ ಉಗ್ಗು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ತುಟಿ ಮುಟ್ಟಿ ನೋಡಿಕೊಂಡ. ಆ ಮುಖವನ್ನು ನಾನು ಕಣ್ತುಂಬ ನೋಡಿದೆ.

ಹಿಂದಿರುಗುವಾಗ ವ್ಯಾನಿನಲ್ಲಿ ಯಜಮಾನರೇ ಮಾತೆತ್ತಿದರು.

"ಕಿ... ಕಿವಿಗೆ ತಡವಾಗಿ ಬುಟ್ಟೆ, ಅಲ್ವಾ?"

"ಊಂ."

"ಅವ್ನಿಗೆ ಯೋ... ಯೋಳ್ಬುಡು. ನಾಲ್ಗೆದಲ್ಲ, ವೈರಿಂದು ಅಂತ. ನಾಳೆಯಿಂದ ಬಾ... ಬಾಯಿ ಬುಡಕ್ಕೆ ಎದರ್ಕತಾನೆ. ಅದು ಯೆಂ... ಯೆಂಗಿರ್ತದೆ ಅಂತ ನಂಗೊತ್ತು ಕಣೆ."

ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿ ಎರಡು ವರ್ಷವಾಗಿತ್ತು. ಅದೂ ಅವನಿಗೋಸ್ಕರ.

"ಎದರ್ಕಳ್ಳಿ," ಎಂದೆ.

ಸಂಜೆ ಇಸ್ತ್ರಿ ಮಾಡುತ್ತಿದ್ದಾಗ ಅವನದೇ ಫೋನ್. "ಅಕ್ಕಾ, ನಾಡಿದ್ದು ದುದ್ದದಲ್ಲಿ ಒಂದು ಪ್ರೋಗ್ರಾಂ ಐತೆ. ಒಪ್ಕಂಬಿಟ್ಟಿವ್ನಿ. ಓಗದೋ ಬ್ಯಾಡ್ವೋ ಅಂತ... ನಿಜ ಯೋಳಿ, ನಿಮ್ಮ ಮಿಷಿನ್ನಿಂದೇನೂ ಅಲ್ವಾ?"

ಯಜಮಾನರು ಬಾಗಿಲಲ್ಲಿ ನಿಂತು, ಹೇಳು, ಹೇಳು ಎಂದು ಕೈಸನ್ನೆ ಮಾಡುತ್ತಿದ್ದರು.

"ಮಿಷಿನ್ ಚೆನ್ನಾಗೇ ಐತೆ ಸಾ," ಎಂದೆ. "ಬಜೆ ಬೇರು ತೇದು ನಾಲ್ಗೆಗೆ ಅಚ್ಚಿ ನೋಡಿ. ಮಕ್ಕಳಿಗೆಲ್ಲ ಗುಣ ಆಯ್ತದೆ."

ಅವನು ದುದ್ದಕ್ಕೆ ಹೋಗಲಿಲ್ಲ ಎಂದು ಆಮೇಲೆ ತಿಳಿಯಿತು. ನಾನು ಇವತ್ತಿನವರೆಗೂ ಹೇಳಿಲ್ಲ.

ಆ ರಾತ್ರಿ ಮುದ್ದೆ, ಮಸೊಪ್ಪು, ಒಂದೊಂದು ಹಪ್ಪಳ. ಯಜಮಾನರು ಅರ್ಧ ಮುದ್ದೆಗೇ ಎದ್ದರು. ಉಳಿದದ್ದನ್ನೂ ನಾನೇ ಉಂಡೆ. ಅವರು ಬಹಳ ಹೊತ್ತು ಮಗ್ಗುಲು ಬದಲಿಸುತ್ತಿದ್ದರಂತೆ. ಮೊದಲು ನಿದ್ದೆ ಹೋದವಳು ನಾನು.