ಶಲ್ಯದ ಕೆಳಗಿನ ವಾಚನಾಲಯ

ರೇವಪ್ಪ ಲಿಗಾಡೆ ಏನು ಕೆಲಸ ಮಾಡುತ್ತಾನೆ ಎಂದು ಸಾಂಗ್ಲಿಗೆ ಬಂದ ನೆಂಟರು ಕೇಳಿದರೆ ಅವನ ಹೆಂಡತಿ ಗುರುಶಾಂತವ್ವ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: "ಕುಂದರತಾರ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪೇಟೆಯ ಅರಿಷಿಣದ ಅಂಗಡಿಯೊಂದರ ಮಾಳಿಗೆಯ ಮೇಲೆ ವ್ಯಾಪಾರಿಗಳು ಕೂಡಿ ನಡೆಸುವ ವಾಚನಾಲಯವಿತ್ತು. ಆರು ಕಪಾಟು, ಕೂರಲು ಎರಡು ಉದ್ದನೆಯ ಬಾಕು, ಒಂದು ಗಡಿಯಾರ, ಮತ್ತು ರೇವಪ್ಪ. ಇವುಗಳಲ್ಲಿ ಗಡಿಯಾರವೊಂದೇ ಆಗಾಗ ರಜೆ ಹಾಕುತ್ತಿತ್ತು. ಮರಾಠಿ ಪುಸ್ತಕಗಳೇ ಹೆಚ್ಚು, ಕನ್ನಡದವು ಒಂದೂವರೆ ಕಪಾಟು. ಕೆಳಗಿನಿಂದ ಏರಿ ಬರುವ ಅರಿಷಿಣದ ಧೂಳಿಗೆ ಎರಡೂ ಭಾಷೆಯ ಹಾಳೆಗಳು ಒಂದೇ ಬಣ್ಣಕ್ಕೆ ತಿರುಗಿದ್ದವು. ಅವನ್ನು ಝಾಡಿಸುವುದು, ಕೊಡುವುದು, ಇಸಿದುಕೊಳ್ಳುವುದು. ಹದಿನೆಂಟು ವರ್ಷದಿಂದ ರೇವಪ್ಪನ ದಿನಚರಿ ಇಷ್ಟೇ.

ಹುಟ್ಟಿದ್ದು ಮಾತ್ರ ದಲಾಲರ ಮನೆಯಲ್ಲಿ. ಸಾಂಗ್ಲಿಯ ಅರಿಷಿಣದ ವ್ಯಾಪಾರದ ಪದ್ಧತಿಯೇ ಬೇರೆ. ದರವನ್ನು ಬಾಯಿಬಿಟ್ಟು ಹೇಳುವಂತಿಲ್ಲ. ದಲಾಲ ತನ್ನ ಕೈ ಮೇಲೆ ಶಲ್ಯ ಹೊದಿಸಿ ಮುಂದೆ ಚಾಚುತ್ತಾನೆ, ಕೊಳ್ಳುವವನು ಅದರೊಳಗೆ ಕೈ ತೂರಿಸಿ ಅವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳೋ ಅಷ್ಟು ಅಂಕಿ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ಅಲ್ಲಿಯ ಕಟ್ಟಳೆ ಎರಡೇ. ಹಿಡಿದ ಬೆರಳನ್ನು ಹಿಂದಕ್ಕೆ ಪಡೆಯುವಂತಿಲ್ಲ. ಶಲ್ಯದ ಕೆಳಗೆ ತಿಳಿದದ್ದನ್ನು ಶಲ್ಯದ ಮೇಲೆ ಆಡುವಂತಿಲ್ಲ. ಎರಡನೆಯದನ್ನು ಮುರಿದ ದಲಾಲನಿಗೆ ಪೇಟೆಯಲ್ಲಿ ಯಾರೂ ಕೈ ಕೊಡುತ್ತಿರಲಿಲ್ಲ, ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೂ ಕೂರುತ್ತಿರಲಿಲ್ಲ.

ಹನ್ನೆರಡು ತುಂಬುವುದರೊಳಗೆ ರೇವಪ್ಪ ಇದನ್ನೆಲ್ಲ ಕಲಿತಿದ್ದ. ಕಲಿಯದೆ ಉಳಿದದ್ದು ವ್ಯಾಪಾರ. ಚೀಲದ ರಾಶಿಯ ಮೇಲೆ ಪುಸ್ತಕ ಬಿಚ್ಚಿ ಕೂತರೆ ಕೊಳ್ಳುವವರು ಬಂದು, ಕೆಮ್ಮಿ, ಕಾದು, ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಮೂವತ್ತು ದಾಟಿದರೂ ಅದೇ ಪಾಡು, ಅಪ್ಪನಿಗೆ ಸಾಕುಸಾಕಾಯಿತು. "ಇವನ್ನ ಒಯ್ದು ಎಲ್ಲ್ಯಾರ ಪುಸ್ತಕದಾಗ ಹುಗದ ಬಿಡ್ರಿ" ಎಂದು ಹಿರಿಯರೆದುರು ಕೂಗಾಡಿದ. ಹಿರಿಯರು ಅದನ್ನೇ ಮಾಡಿದರು. ಆಗಷ್ಟೇ ತೆರೆದಿದ್ದ ವಾಚನಾಲಯದ ಕೀಲಿಯನ್ನು ರೇವಪ್ಪನ ಕೈಗಿಟ್ಟರು.

ಮೊದಲ ವರ್ಷ ಅಲ್ಲಿಂದ ಹೊರಗೆ ಹೋದವರು ಸಂತರು, ಶರಣರು ಮಾತ್ರ. ಕಾರಣವಿತ್ತು. ಬಾಕಿನ ಮೇಲೆ ಬೆಳಗಿನಿಂದ ಹಿರಿಯರು ಕೂತಿರುತ್ತಿದ್ದರು. ಹತ್ತು ಗಂಟೆಗೆ ವರ್ತಮಾನಪತ್ರ ಮುಗಿಯುತ್ತಿತ್ತು, ಆಮೇಲೆ ಅವರು ಬಂದವರ ಮುಖ ಓದುತ್ತಿದ್ದರು. ಹೊಸ ಅಳಿಯನೊಬ್ಬ ಪತ್ತೇದಾರಿ ಕಾದಂಬರಿ ಕೇಳಿದರೆ ಬಾಕಿನ ಮೇಲಿಂದ ಮಾವನ ಕೆಮ್ಮು ಕೇಳಿಸುತ್ತಿತ್ತು. ಸ್ವತಃ ಮಾವನಿಗೇ ಅದು ಬೇಕಾಗಿದ್ದರೆ ಅವನ ಪಾಡು ಇನ್ನೂ ಕಷ್ಟ. ಹೀಗಾಗಿ ಎಲ್ಲರೂ ಶರಣರ ಚರಿತ್ರೆ ಒಯ್ಯುತ್ತಿದ್ದರು, ಹಾಗೆಯೇ ತಂದಿಡುತ್ತಿದ್ದರು.

ಒಂದು ದಿನ ಹತ್ತಿಯ ವ್ಯಾಪಾರಿಯ ಮಗನೊಬ್ಬ ಮೇಜಿನ ಮುಂದೆ ನಿಂತು ಬಾಯಿ ತೆರೆಯುವುದು, ಬಾಕಿನ ಕಡೆ ನೋಡುವುದು, ಮುಚ್ಚುವುದು ಮಾಡತೊಡಗಿದ. ರೇವಪ್ಪನಿಗೆ ಅಯ್ಯೋ ಅನ್ನಿಸಿತು. ಯೋಚಿಸದೆಯೇ ಹೆಗಲ ಶಲ್ಯವನ್ನು ಕೈಮೇಲೆ ಹೊದಿಸಿ ಮುಂದೆ ಚಾಚಿದ. ಹುಡುಗನೂ ಪೇಟೆಯವನೇ. ಕೈ ಒಳಗೆ ಹೋಯಿತು. ಗೋಡೆಯ ಮೇಲೆ ತೂಗುಹಾಕಿದ ಯಾದಿಯಲ್ಲಿ ಪ್ರತಿ ಪುಸ್ತಕಕ್ಕೂ ಒಂದು ನಂಬರಿತ್ತು, ಆ ನಂಬರು ಒಂದೊಂದೇ ಅಂಕಿಯಾಗಿ ಬೆರಳಿಗೆ ಬಂತು. ರೇವಪ್ಪ ಪುಸ್ತಕಕ್ಕೆ ಕೋರಾ ಬಟ್ಟೆ ಸುತ್ತಿ ಕೊಟ್ಟ. ಮಾವಂದಿರಿಗೆ ಕೆಮ್ಮಲು ಏನೂ ಸಿಗಲಿಲ್ಲ.

ತಿಂಗಳೊಳಗೆ ಪೇಟೆಯೆಲ್ಲ ಶಲ್ಯದ ಕೆಳಗೆ ಬಂತು. ಯಾದಿಯೆದುರು ಭಕ್ತಿಯಿಂದ ನಿಲ್ಲುವುದು, ಬಂದು ಕೈ ಕೊಡುವುದು, ಗಂಟು ಕಂಕುಳಲ್ಲಿಟ್ಟು ಇಳಿಯುವುದು. ಅದರಲ್ಲೂ ನಾನೂರಾ ಹನ್ನೆರಡಕ್ಕೆ ಎಲ್ಲಿಲ್ಲದ ಬೇಡಿಕೆ. ಅದರ ಹೆಸರು ಇಲ್ಲಿ ಬೇಡ. ಅದರಲ್ಲೊಬ್ಬ ನಾಯಕಿ ನಡುರಾತ್ರಿ ಕಿಟಕಿಯಿಂದ ಇಳಿಯುತ್ತಾಳೆ, ಮತ್ತು ಆ ಪುಟ ಎರಡು ಸಲ ಹರಿದು ಎರಡು ಸಲ ಅಂಟಿಸಿದ್ದಾಗಿತ್ತು ಎಂದರೆ ಸಾಕು.

ಶಿವಲಿಂಗಪ್ಪನವರ ಪ್ರಕರಣವೂ ಇದೇ ಪುಸ್ತಕದ್ದು. ಎಪ್ಪತ್ತರ ಹಿರಿಯರು, ಮೂರು ಹೊತ್ತು ಲಿಂಗಪೂಜೆಯವರು. ಅವರಿಗೆ ಬೇಕಾಗಿದ್ದದ್ದು ಮುನ್ನೂರಾ ಹನ್ನೆರಡು, ವಚನಗಳ ಟೀಕೆ. ಆದರೆ ಸಂಧಿವಾತದ ಕೈ. ಮೂರು ಬೆರಳು ಹಿಡಿಯಹೋದ ಮುಷ್ಟಿ ನಾಲ್ಕನ್ನೂ ಹಿಡಿಯಿತು. ಮನೆಗೆ ಹೋಗಿ ಬಿಚ್ಚಿದರೆ ಕಿಟಕಿ, ನಾಯಕಿ. ಹಿಡಿದ ಬೆರಳನ್ನು ಹಿಂದಕ್ಕೆ ಪಡೆಯುವಂತಿಲ್ಲವಲ್ಲ! ವ್ಯಾಪಾರದ ಮಾತಿಗೆ ಕಟ್ಟುಬಿದ್ದು ಮೊದಲಿನಿಂದ ಕೊನೆಯತನಕ ಓದಿದರು. ಎಂಟು ದಿನ ಬಿಟ್ಟು ಬಂದಾಗ ಕೈಯ ಬಾವು ಪೂರಾ ಇಳಿದಿತ್ತು. ಆದರೂ ನಾಲ್ಕೇ ಬೆರಳು ಹಿಡಿದರು.

ರೇವಪ್ಪನ ರಜಿಸ್ಟರಿನಲ್ಲಿ ಪುಸ್ತಕದ ನಂಬರಿತ್ತು, ಹೋದ ದಿನ, ಬಂದ ದಿನ ಇದ್ದವು. ಒಯ್ದವರ ಹೆಸರಿನ ಕಾಲಮು ಹದಿನೆಂಟು ವರ್ಷದಿಂದ ಖಾಲಿ. ಹೆಸರುಗಳೆಲ್ಲ ಅವನ ತಲೆಯಲ್ಲಿದ್ದವು. ಒಂದು ಪುಸ್ತಕವೂ ಕಳೆದಿರಲಿಲ್ಲ.

ಹೀಗಿರಲಾಗಿ ಸಾವಿರದ ಒಂಬೈನೂರಾ ಮೂವತ್ತೇಳರಲ್ಲಿ ರೇವಪ್ಪ ಪತ್ರಿಕೆಯ ಮೂಲೆಯಲ್ಲೊಂದು ಸುದ್ದಿ ಓದಿದ. ಗ್ರಂಥಪಾಲಕರಿಗೆಂದೇ ಅಖಿಲ ಭಾರತ ಮಟ್ಟದ ಸಂಘವೊಂದಿದೆಯಂತೆ, ಸಭೆ ಸೇರುತ್ತಾರಂತೆ, ಸದಸ್ಯರಿಗೆ ಪ್ರಮಾಣಪತ್ರ ಕೊಡುತ್ತಾರಂತೆ. ಅವನು ಆ ಸುದ್ದಿಯನ್ನು ನಾಲ್ಕು ಸಲ ಓದಿದ. ಅಕ್ಕಸಾಲಿಗರಿಗೆ ಸಂಘವಿದೆ, ನೇಕಾರರಿಗಿದೆ. ಪುಸ್ತಕ ಕೊಟ್ಟು ಇಸಿದುಕೊಳ್ಳುವವರಿಗೂ ಒಂದಿದೆ ಅಂದರೆ ತಾನು ಮಾಡುತ್ತಿರುವುದು ಕೆಲಸವೇ! ಐವತ್ತರ ಮನುಷ್ಯ ಅಂದೇ ಅರ್ಜಿ ತರಿಸಲು ಕಾಗದ ಬರೆದ. ಬಂದ ಅರ್ಜಿಯಲ್ಲಿ 'ಒಯ್ದವರ ದಾಖಲೆ ಎಲ್ಲಿದೆ?' ಎಂಬಲ್ಲಿ 'ತಲೆಯಲ್ಲಿ' ಎಂದು ತುಂಬಿ ಕಳಿಸಿದ. ಸಂಘದವರು ಗಾಬರಿಯಾಗಿರಬೇಕು. ಕಾರ್ಯಕಾರಿಣಿಯ ಸದಸ್ಯರೊಬ್ಬರು ಖುದ್ದಾಗಿ ಬಂದು ನೋಡುತ್ತಾರೆ ಎಂದು ಉತ್ತರ ಬಂತು.

ವಾಚನಾಲಯದ ಅಧ್ಯಕ್ಷರು ತಾತ್ಯಾಸಾಹೇಬರು. ಬೆಲ್ಲದ ದೊಡ್ಡ ವ್ಯಾಪಾರಿ, ಅದಕ್ಕಿಂತ ದೊಡ್ಡ ಮೀಸೆ. ಸೋದರಳಿಯ ವಾಸುದೇವ ಮುಂಬಯಿಯಲ್ಲಿ ಮೂರು ತಿಂಗಳು ಗ್ರಂಥಾಲಯದ ಕೆಲಸ ಕಲಿತು ಬಂದು ಅವರ ಜಗುಲಿಯ ಮೇಲೆ ಖಾಲಿ ಕೂತಿದ್ದ. ಕಾಗದದ ಸುದ್ದಿ ಕೇಳಿ ಅವರು ವಾಚನಾಲಯ ಹತ್ತಿ ಬಂದರು.

"ಹೇ ಬಘ, ಇಲ್ನೋಡ ರೇವಪ್ಪಾ, ಸಂಘದವರು ನಿನ್ನ ಒಪ್ಪಿದ್ರ ಇರು. ಒಪ್ಪಲಿಲ್ಲಾಂದ್ರ ಅವತ್ತ ಸಂಜೀಕ ಕೀಲಿ ವಾಸುದೇವನ ಕೈಯಾಗ ಕೊಟ್ಟ ಮನೀಗೆ ಹೋಗು."

"ಆತ್ರಿ ಸಾಹೇಬ್ರ" ಎಂದ ರೇವಪ್ಪ.

ತಾತ್ಯಾಸಾಹೇಬರು ಹೊರಡಲಿಲ್ಲ. ಬಾಕಿನ ಮೇಲಿದ್ದವರು ಊಟಕ್ಕೆ ಏಳುವವರೆಗೂ ಮೀಸೆ ತೀಡುತ್ತ ನಿಂತಿದ್ದರು. ಆಮೇಲೆ ಗಂಭೀರವಾಗಿ ಕೈ ಚಾಚಿದರು. ರೇವಪ್ಪ ಶಲ್ಯ ಹೊದಿಸಿದ. ನಾಲ್ಕು, ಒಂದು, ಎರಡು. ಕೆಲಸ ಕಸಿಯುತ್ತೇನೆಂದ ಮನುಷ್ಯನಿಗೆ ರೇವಪ್ಪ ಎಂದಿನಂತೆ ಕೋರಾ ಬಟ್ಟೆ ಸುತ್ತಿ ಕೊಟ್ಟ, ಗಂಟು ಮಾತ್ರ ತುಸು ಬಿಗಿಯಾಗಿ ಹಾಕಿದ.

ಹದಿನೈದು ದಿನಕ್ಕೆ ಸಂಘದ ಧನಪಾಲ ಚೌಗುಲೆ ಬಂದರು. ಕೋಟು, ಟೈ, ಕೈಯಲ್ಲಿ ಚರ್ಮದ ಚೀಲ. ಮುಂಬಯಿಯಲ್ಲಿ ದೊಡ್ಡ ಗ್ರಂಥಾಲಯದವರಾದರೂ ಹುಟ್ಟೂರು ಇಲ್ಲೇ ಪಕ್ಕದ ಸಮಡೋಳಿ, ಮನೆಮಾತು ಕನ್ನಡ. ಸಂಜೆ ಮಿರಜಿನಲ್ಲಿ ರೈಲು ಹಿಡಿಯಬೇಕಾಗಿತ್ತು, ಅದಕ್ಕೇ ಚಹಾ ಕೂಡ ನಿಂತೇ ಕುಡಿದರು. ವಾಚನಾಲಯದ ಕಮಿಟಿಯ ಎಂಟೂ ಜನ ಬಾಕಿನ ಮೇಲೆ ಸಾಲಾಗಿ ಕೂತಿದ್ದರು, ನಡುವೆ ತಾತ್ಯಾಸಾಹೇಬರು, ತುದಿಗೆ ಶಿವಲಿಂಗಪ್ಪನವರು.

ಕಪಾಟು ನೋಡಿ ಧನಪಾಲರು ತಲೆದೂಗಿದರು. ಯಾದಿ ನೋಡಿ "ಛಲೋ ಐತಿ" ಎಂದರು. ರಜಿಸ್ಟರು ತೆರೆದಾಗ ಹುಬ್ಬು ಮೇಲೇರಿತು.

"ಹೆಸರಽ ಇಲ್ಲಲ್ರಿ?"

"ನೆನಪ ಅದಾವ್ರಿ."

"ನೋಡೂಣು. ಈ ನಾನೂರಾ ಹನ್ನೆರಡು ಒಂದಽ ವರ್ಷದಾಗ ಮೂವತ್ತೊಂದ ಸಲ ಹೊರಗ ಹೋಗೇತಿ. ಈಗ ಯಾರ ಕಡೆ ಐತಿ?"

ಎಂಟೂ ಜನರಿಗೆ ಒಮ್ಮೆಲೇ ಮಾಳಿಗೆಯ ತೊಲೆಗಳಲ್ಲಿ ಆಸಕ್ತಿ ಹುಟ್ಟಿತು. ತಾತ್ಯಾಸಾಹೇಬರ ಮೀಸೆಯ ತುದಿಯಲ್ಲಿ ಒಂದು ಹನಿ ಬೆವರು ನಿಂತಿತು.

ರೇವಪ್ಪ ಸಂತನಲ್ಲ. ಹೆಸರು ಅವನ ನಾಲಗೆಯ ತುದಿಗೇ ಬಂದಿತ್ತು. ಒಂದು ಹೆಸರು ಹೇಳಿದರೆ ಕೆಲಸ ಉಳಿಯುತ್ತದೆ, ಸಂಘ ಸಿಗುತ್ತದೆ, ಎದುರಿಗಿರುವ ಮೀಸೆ ಪೇಟೆಯಲ್ಲಿ ಮತ್ತೆ ಮೇಲೇಳುವುದಿಲ್ಲ. ಆ ಯೋಚನೆಯನ್ನು ಅವನು ಒಂದು ಗಳಿಗೆ ಚಪ್ಪರಿಸಿದ್ದೂ ಹೌದು. ಆಮೇಲೆ ಹೇಳಿದ: "ಓದಾವ್ರ ಕಡೆ ಐತ್ರಿ."

"ಅದು ಗೊತ್ತಾತು. ಯಾರು?"

"ಹೇಳಾಂಗಿಲ್ರಿ."

ಧನಪಾಲರ ಅಪ್ಪನೂ ಈ ಪೇಟೆಗೇ ಅರಿಷಿಣ ತಂದು ಮಾರಿದವನು. ಕೋಟಿನ ಜೇಬಿನಿಂದ ಮುಂಬಯಿಯ ಕರವಸ್ತ್ರ ತೆಗೆದು ಕೈಮೇಲೆ ಹಾಸಿದರು. ಅಂಗೈ ಮುಚ್ಚುವಷ್ಟೂ ಇರಲಿಲ್ಲ ಅದು. "ನನಗೊಬ್ಬಗ ಹೇಳ್ರಿ. ಇಲ್ಲಿ ಕೂತಾವ್ರಾಗ ಎಷ್ಟನೇದಾವ್ರ ಕಡೆ ಐತಿ, ಅಷ್ಟ ಬೆರಳ ಹಿಡೀರಿ."

ರೇವಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡ. "ಬಟ್ಟಿ ಕೆಳಗ ಎರಡಽ ಕೈ ಇರತಾವ್ರಿ. ಮೂರನೇದು ಬರಾಂಗಿಲ್ಲ."

"ಹಂಗಾದ್ರ ನಾ ಏನ ಮಾಡ್ಲಿ? ಯಾರ ಕಡೆ ಐತಿ ಅಂತ ತೋರಸದಿದ್ರ ಪುಸ್ತಕ ಕಳದೇತಿ ಅಂತ ಬರೀಬೇಕು. ಅದು ಸಂಘದ ನೇಮ."

"ಬರೀರಿ" ಎಂದು ರೇವಪ್ಪ ಸೊಂಟದ ಕೀಲಿಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟ. ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬುದು ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಧನಪಾಲರು ಪೆನ್ನಿನ ಟೊಪ್ಪಿಗೆ ತೆಗೆದರು.

"ಕಳದಿಲ್ಲ" ಎಂದಿತು ಬಾಕಿನ ನಡುವಿನಿಂದ ಒಂದು ದನಿ. ತಾತ್ಯಾಸಾಹೇಬರು ಎದ್ದು ನಿಂತಿದ್ದರು. ಮುಖ ಹಣ್ಣುಮೆಣಸಿನಕಾಯಿಯಂತಾಗಿತ್ತು. "ಪುಸ್ತಕ ಕಳದಿಲ್ಲ. ನಮ್ಮ ಮನ್ಯಾಗ ಐತಿ. ದೇವರ ಜಗಲಿ ಹಿಂದ."

ಬಾಕಿನ ತುದಿಯಿಂದ ಶಿವಲಿಂಗಪ್ಪನವರು ಸಿಡಿದೆದ್ದರು.

"ಹದಿನೈದ ದಿವಸ! ನಾ ದಿನಾ ಬಂದ ಬೆರಳ ಹಿಡೀತೀನಿ, ಇವ ದಿನಾ ಹೊರಗೈತ್ರಿ ಅಂತಾನ! ಒಂದ ಪುಸ್ತಕಕ್ಕ ಹದಿನೈದ ದಿವಸ ಬೇಕೇನೋ ತಾತ್ಯಾ?"

"ನಿಮಗ್ಯಾಕ ಮತ್ತ? ನೀವು ಮೂರ ಸಲ ಓದೀರಿ, ಈ ಸಲದ ಪಾಳಿ ನಂದು!" ಎಂದು ಪಕ್ಕದವರು ಎದ್ದರು.

"ಮೂರ ಅಂತ ಹೆಂಗ ಗೊತ್ತು ನಿನಗ?"

"ಹಾಳ್ಯಾಗ ವಿಭೂತಿ ಉದುರಿರತೇತಲ್ಲ!"

ಎಂಟು ಜನರೂ ಎದ್ದರು. ಒಬ್ಬರು ದೀಪಾವಳಿಗೆ ಓದಿದ್ದರು, ಒಬ್ಬರು ಶ್ರಾವಣ ಸೋಮವಾರದಂದು. ಒಬ್ಬರಂತೂ ಕಿಟಕಿಯ ಪುಟ ಹರಿದದ್ದು ತಾವಲ್ಲ ಎಂದು ಯಾರೂ ಕೇಳದೆಯೇ ಆಣೆ ಮಾಡಿದರು. ಧನಪಾಲರು ಬಾಗಿಲ ಕಡೆ ತಿರುಗಿ ನಿಂತಿದ್ದರು, ಭುಜಗಳು ಕುಲುಕುತ್ತಿದ್ದವು. ನಗು ಹತೋಟಿಗೆ ಬಂದ ಮೇಲೆ ರಜಿಸ್ಟರನ್ನು ರೇವಪ್ಪನ ಮುಂದೆ ಸರಿಸಿದರು.

"ಈಗರ ಹೆಸರ ಬರಕೊಳ್ರಿ. ಎಲ್ಲಾರೂ ತಾವಽ ಹೇಳ್ಯಾರ."

"ನಾ ಏನೂ ಕೇಳಿಲ್ರಿ" ಎಂದು ರೇವಪ್ಪ ರಜಿಸ್ಟರು ಮುಚ್ಚಿದ.

ಧನಪಾಲರು ತಮ್ಮ ವರದಿಯ ಹಾಳೆ ತೆಗೆದು, 'ಒಯ್ದವರ ದಾಖಲೆ ಹೇಗಿದೆ?' ಎಂಬ ಕಡೆ 'ಹೇಳಲಾಗದಷ್ಟು ಚೆನ್ನಾಗಿ' ಎಂದು ಬರೆದು ಸಹಿ ಹಾಕಿ, ಮಿರಜಿನ ರೈಲಿಗೆ ಓಡಿದರು.

ಎರಡು ತಿಂಗಳಿಗೆ ಪ್ರಮಾಣಪತ್ರ ಬಂತು. ಗುರುಶಾಂತವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂದ್ರ ನಿಮ್ಮಂಥಾವ್ರು ಇನ್ನೂ ಅದಾರೇನ್ರಿ?" ಎಂದು ಕೇಳಿದಳು. ಅದಕ್ಕೆ ಚೌಕಟ್ಟು ಹಾಕಿಸಿದ ಮೇಲೆ ಗಂಡನಿಗೆ ಕಾಣದಂತೆ ಸೆರಗಿನಿಂದ ಗಾಜು ಒರೆಸಿದಳು. ವಾಸುದೇವನಿಗೆ ಮಿರಜಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು.

ಆದರೆ ರೇವಪ್ಪನಿಗೆ ಆ ಗೆಲುವಿನಲ್ಲಿ ಒಂದು ನೋವು ಉಳಿಯಿತು. ಅಂದಿನಿಂದ ಪೇಟೆಯವರಿಗೆ ಅಂಜಿಕೆಯೇ ಹೊರಟುಹೋಯಿತು. ಮೆಟ್ಟಿಲ ಕೆಳಗಿನಿಂದಲೇ "ನಾನೂರಾ ಹನ್ನೆರಡ ಬಂತೇನೋ?" ಎಂದು ಕೂಗುವವರು ಕೂಗಿದರು, ಬಾಕಿನ ಮೇಲಿನ ಮಾವಂದಿರು ಅಳಿಯಂದಿರಿಗೆ ಕಥೆ ಮೊದಲೇ ಹೇಳಿ ಕೆಡಿಸಿದರು. ಯಾರೂ ಕೈ ಕೊಡುತ್ತಿರಲಿಲ್ಲ. ಶಲ್ಯ ಸುಮ್ಮನೆ ಹೆಗಲ ಮೇಲೆ ಇರುತ್ತಿತ್ತು.

ತಾತ್ಯಾಸಾಹೇಬರು ಮಾತ್ರ ಬಹಳ ದಿನ ಬರಲೇ ಇಲ್ಲ. ಪುಸ್ತಕವನ್ನು ಆಳಿನ ಕೈಯಲ್ಲಿ ಕಳಿಸಿದ್ದರು. ಕಡೆಗೊಂದು ಮಧ್ಯಾಹ್ನ, ಬಾಕು ಖಾಲಿ ಇದ್ದಾಗ ಹತ್ತಿ ಬಂದರು. ಯಾದಿಯ ಕಡೆ ನೋಡಲಿಲ್ಲ. ಮೇಜಿನ ಮುಂದೆ ನಿಂತು ಕೈ ಚಾಚಿದರು. ರೇವಪ್ಪ ಶಲ್ಯ ಹೊದಿಸಿ ಬೆರಳು ಬಿಡಿಸಿ ಕಾದ. ತಾತ್ಯಾಸಾಹೇಬರು ಒಂದನ್ನೂ ಹಿಡಿಯಲಿಲ್ಲ, ಎರಡನ್ನೂ ಹಿಡಿಯಲಿಲ್ಲ. ಅವನ ಇಡೀ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಹಾಗೆಯೇ ನಿಂತರು. ಯಾವ ಕಪಾಟಿನಲ್ಲೂ ಅದಕ್ಕೆ ನಂಬರಿರಲಿಲ್ಲ. ರೇವಪ್ಪ ಕೈ ಬಿಡಿಸಿಕೊಳ್ಳಲಿಲ್ಲ, ಯಾರಿಗೂ ಹೇಳಲೂ ಇಲ್ಲ.